ಸೀರೆ ಉಡಿಸಿದ್ದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು?

ಇಂಗ್ಲಿಷ್ ಟೈಪಿಂಗ್ ಪರೀಕ್ಷೆ ಪಾಸಾದ ದಿನ ನನಗೆ ಇಂಗ್ಲಿಷಿನಲ್ಲಿ ಒಂದು ಸಾಲು ಮಾತಾಡಲು ಬರುತ್ತಿರಲಿಲ್ಲ. ಈಗ ಕೋರ್ಟಿನ ನೌಕರಿಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನು ಹೇಳಿದರೆ, "ಮತ್ತ ಹೆಂಗ ಪಾಸಾದ್ರಿ ಮೇಡಂ?" ಎಂದು ಕೇಳುತ್ತಾರೆ. ಪಾಸಾದದ್ದು ನನ್ನ ಬೆರಳು. ಬಾಯಿ ಆಮೇಲೆ ಎಷ್ಟೋ ವರ್ಷ ನಪಾಸಾಗುತ್ತಲೇ ಇತ್ತು.

ನಾನು ಅಣ್ಣಿಗೇರಿಯವಳು. ಅಪ್ಪ ಅಲ್ಲಿಯ ಕಾಳಿನ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತರೆ ಬೀಗರ ಮಾತು ಶುರುವಾಗುತ್ತದೆಂದು ಅವ್ವ ನನ್ನನ್ನು ಬಸ್ ನಿಲ್ದಾಣದ ಹಿಂದಿದ್ದ ಟೈಪಿಂಗ್ ಕ್ಲಾಸಿಗೆ ಹಚ್ಚಿದಳು. ಮಹಡಿಯ ಮೇಲೆ ಉದ್ದನೆಯ ಕೋಣೆ, ಗೋಡೆಗುಂಟ ಸಾಲು ಯಂತ್ರಗಳು, ನಡುವೆ ಅತ್ತಿಂದಿತ್ತ ಓಡಾಡುವ ಮಾಸ್ತರರು. ನಾವು ಅಕ್ಷರ ನೋಡಬಾರದೆಂದು ಕೀಲಿಗಳ ಮೇಲೆ ಬಟ್ಟೆ ಹೊದಿಸಿ ಬಡಿಸುತ್ತಿದ್ದರು. ಯಾವುದೋ ವ್ಯಾಪಾರಿಯ ಪತ್ರವನ್ನು ತಪ್ಪಿಲ್ಲದೆ ಮುಗಿಸಿದ ದಿನ ಧೈರ್ಯ ಮಾಡಿ, "ಸರ್, ಇದರಾಗ ಏನ್ ಬರದೈತ್ರಿ?" ಎಂದು ಕೇಳಿದೆ.

"ಅರ್ಥ ತಗೊಂಡು ಏನ್ ಮಾಡ್ತೀಯವ್ವಾ? ಅರ್ಥದ ಕಡೆ ಲಕ್ಷ್ಯ ಹೋದ್ರ ಸ್ಪೀಡ್ ಬೀಳ್ತತಿ. ನೀ ಬಡಿ."

ಬಡಿದೆ. ಬಡಿದ ಪುಣ್ಯಕ್ಕೆ ಪಕ್ಕದ ತಾಲೂಕಿನ ಕೋರ್ಟಿನಲ್ಲಿ ಟೈಪಿಸ್ಟ್ ನೌಕರಿ ಸಿಕ್ಕಿತು. ಊರಿನ ಹೆಸರು ಹೇಳುವುದಿಲ್ಲ. ನನ್ನ ಜೊತೆ ಇದ್ದವರಲ್ಲಿ ಕೆಲವರು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ.

ಕೋರ್ಟಿಗೆ ಹೋದ ಮೇಲೆ ಗೊತ್ತಾಯಿತು, ಅಲ್ಲಿ ಕಣ್ಣೆದುರು ಪತ್ರ ಇಟ್ಟು ಯಾರೂ ಟೈಪ್ ಮಾಡಿಸುವುದಿಲ್ಲ. ಸಾಹೇಬರು, ಅಂದರೆ ನ್ಯಾಯಾಧೀಶರು, ಬಾಯಿಂದ ಹೇಳುತ್ತ ಹೋಗುತ್ತಾರೆ. ಕೇಳುತ್ತ ಕೇಳುತ್ತ ಯಂತ್ರದ ಮೇಲೆ ಇಳಿಸಬೇಕು. ಹಾಳೆಗಳ ನಡುವೆ ಕಾರ್ಬನ್ ಇರುತ್ತಿತ್ತು. ಒಂದು ಅಕ್ಷರ ತಪ್ಪಿದರೆ ಪ್ರತಿಯೊಂದು ಹಾಳೆಯನ್ನೂ ಬೇರೆ ಬೇರೆ ಉಜ್ಜಿ ತಿದ್ದಬೇಕು. ಸಾಕ್ಷಿ ಹೇಳಲು ಬಂದವರು ಕನ್ನಡದಲ್ಲಿ ಹೇಳುತ್ತಾರೆ, ಸಾಹೇಬರು ಅದನ್ನು ನಿಂತ ಕಾಲಲ್ಲೇ ಇಂಗ್ಲಿಷಿಗೆ ತಿರುಗಿಸುತ್ತಾರೆ, ನನ್ನ ಬೆರಳು ಅದನ್ನು ಹಾಳೆಗೆ ಹಾಕುತ್ತವೆ. ಹೇಳಿದವರಿಗೆ ಹಾಳೆಯ ಮೇಲಿದ್ದದ್ದು ತಿಳಿಯುವುದಿಲ್ಲ. ಮೊದಮೊದಲು ನನಗೂ ತಿಳಿಯುತ್ತಿರಲಿಲ್ಲ.

ಮೊದಲ ಸಾಹೇಬರು ಮಂಗಳೂರು ಕಡೆಯವರು. ಅವರ ಇಂಗ್ಲಿಷ್ ನೀರು ಹರಿದಂತೆ ಹರಿಯುತ್ತಿತ್ತು. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಶುರುವಾಯಿತೆಂದು ಗೊತ್ತಾಗುತ್ತಿರಲಿಲ್ಲ. ಆಸ್ತಿ ಹಂಚಿಕೆಯ ಒಂದು ತೀರ್ಪಿನಲ್ಲಿ ಅವರು, ಸತ್ತವನು 'ಏರ್' ಬಿಟ್ಟು ಹೋಗಲಿಲ್ಲ ಎಂದು ಹೇಳಿದರು. ವಾರಸುದಾರ ಎಂಬ ಅರ್ಥ. ಆ ಪದದ ಮೊದಲಿಗೆ ಒಂದು ಎಚ್ ಅಕ್ಷರ ಇದೆ, ಬರೆಯಬೇಕು, ಅನ್ನಬಾರದು. ನನಗೆ ಗೊತ್ತಿದ್ದ ಏರ್ ಒಂದೇ, ಸೈಕಲ್ಲಿಗೆ ಹಾಕಿಸುವ ಗಾಳಿ. ಸತ್ತವನು ಗಾಳಿ ಬಿಟ್ಟು ಹೋಗಲಿಲ್ಲ ಎಂದು ಟೈಪ್ ಮಾಡಿ ಸಹಿಗೆ ಇಟ್ಟೆ.

ಸಾಹೇಬರು ಬೈಯಲಿಲ್ಲ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ವಾಪಸು ಕಳಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಹಾಳೆಯನ್ನು ಯಾರು ನೋಡಿದರೋ ಏನೋ, ಮರುದಿನದಿಂದ ವಕೀಲರು ನನ್ನ ಮೇಜಿನ ಮುಂದೆ ಹಾಯುವಾಗ, "ಏನ್ರಿ ಬಾಯಾರ, ಇವತ್ತು ಗಾಳಿ ಬಾಳ ಐತಲ್ರಿ" ಎನ್ನುವುದು, ಪೇಪರಿನಿಂದ ಬೀಸಿಕೊಳ್ಳುವುದು. ನಾನು ತಲೆ ಎತ್ತುತ್ತಿರಲಿಲ್ಲ.

ಅಂದಿನಿಂದ ನನಗೊಂದು ಚಡಪಡಿಕೆ ಹತ್ತಿತು. ಬಸ್ಸಿನಲ್ಲಿ ಕೂತರೂ ತುಟಿ ಅಲ್ಲಾಡುತ್ತಿತ್ತು. ಯಾವ ಪದದಲ್ಲಿ ಯಾವ ಅಕ್ಷರ ಮೂಕ, ಯಾವುದರಲ್ಲಿ ಮಾತಾಡುತ್ತದೆ ಎಂದು ಒಳಗೊಳಗೇ ಎಣಿಸುವುದು. ಒಮ್ಮೆ ಬಾಜೂಕ ಕೂತಿದ್ದ ಮುದುಕಿ, "ಯಾವ ಸ್ವಾಮಿ ಮಂತ್ರ ಕೊಟ್ಟಾನವಾ, ಒಂದ್ ಸವನ ಜಪಾ ಮಾಡಾಕತ್ತೀ?" ಎಂದು ಕೇಳಿದಳು. ಮನೆಯಲ್ಲಿ ರೇಡಿಯೋದ ಇಂಗ್ಲಿಷ್ ವಾರ್ತೆ ಹಚ್ಚಿ ಅವರು ಅಂದಂತೆ ಅನ್ನಲು ಹೋದರೆ, ನನ್ನ ಗಂಡ ಮಾರುತಿ ನಗುತ್ತಿದ್ದರು. ಅವರದು ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. "ಆ ಬಾಯಿ ಬ್ಯಾರೆ ಕಂಪನಿದು, ನಿನ್ನ ಬಾಯಿ ಬ್ಯಾರೆ ಕಂಪನಿದು. ಪಾರ್ಟ್ ಕೂಡಂಗಿಲ್ಲ ಬಿಡ" ಎನ್ನುತ್ತಿದ್ದರು.

ಕಷ್ಟಪಟ್ಟು ಅಷ್ಟಿಷ್ಟು ಕಲಿತೆ ಅನ್ನುವಷ್ಟರಲ್ಲಿ ಸಾಹೇಬರು ಬದಲಾದರು. ಎರಡನೆಯವರು ಬೀದರ ಕಡೆಯವರು, ದೊಡ್ಡ ದನಿಯ ಮನುಷ್ಯ. ಅವರು ಎಚ್ ಕಂಡಲ್ಲೆಲ್ಲ ಹಕಾರ ಹಾಕಿಯೇ ಅನ್ನುತ್ತಿದ್ದರು. ವಾರಸುದಾರನೂ 'ಹೇರ್', ತಲೆಯ ಕೂದಲೂ 'ಹೇರ್'. ನಾನು ಮೊದಲೇ ಸುಟ್ಟುಕೊಂಡವಳು, ಎಲ್ಲ ಹೇರ್‌ಗಳನ್ನೂ ವಾರಸುದಾರ ಮಾಡತೊಡಗಿದೆ. ನೀರಿನ ಜಗಳದಲ್ಲಿ ಹೆಣ್ಣುಮಗಳೊಬ್ಬಳ ಕೂದಲು ಹಿಡಿದು ಎಳೆದಾಡಿದ ಕೇಸೊಂದರಲ್ಲಿ, ಆರೋಪಿಯು ಆಕೆಯ ವಾರಸುದಾರನನ್ನು ಹಿಡಿದು ಎಳೆದನು ಎಂದಾಯಿತು. ಈ ಸಾಹೇಬರು ಅದನ್ನು ಕೋರ್ಟಿನಲ್ಲೇ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಲಾವತಿಬಾಯಿ, ನನ್ನ ಬಾಯಿದೂ ತಪ್ಪು ಅದ, ನಿಮ್ಮ ಕಿವಿದೂ ತಪ್ಪು ಅದ. ಅರ್ಧಾ ಅರ್ಧಾ ಹಂಚಿಕೊಳ್ಳೂಣು" ಎಂದರು. ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತವರು ತಮ್ಮ ಬಾಯಿಯ ತಪ್ಪನ್ನು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಆದರೂ ಅವರೆದುರಿಗೆ ಜೋರಾಗಿ ಓದಿ ಹೇಳು ಎಂದರೆ ನನ್ನ ಬಾಯಿ ತಪ್ಪುತ್ತಲೇ ಇತ್ತು. ಸಾಲಕ್ಕಿರುವ ಇಂಗ್ಲಿಷ್ ಪದದಲ್ಲಿ ಬಿ ಅಕ್ಷರ ಮೂಕವೆಂದು ಗೊತ್ತಿದ್ದೂ, ನಿಂತು ಓದುವಾಗ 'ಡೆಬ್ಟ್' ಎಂದೇ ಬಂದುಬಿಡುತ್ತಿತ್ತು. ತಿಳಿದದ್ದು ಬೇರೆ, ನಾಲಿಗೆಗೆ ಇಳಿದದ್ದು ಬೇರೆ.

ನಾನು ಹೇಳಬೇಕೆಂದು ಕೂತದ್ದು ಮೂರನೆಯ ಸಾಹೇಬರ ಕಾಲದ ಮಾತು.

ಅವರು ಮೈಸೂರು ಕಡೆಯವರು. ವಯಸ್ಸು ಚಿಕ್ಕದು, ನಡೆ ಚುರುಕು, ಬಾಕಿ ಕೇಸು ಕಂಡರೆ ಅವರಿಗೆ ಸಹಿಸದು. ಸಾಕ್ಷಿ ಹೇಳಿಕೆಯನ್ನು ಕನ್ನಡದಲ್ಲೇ ಬರೆಸಬಹುದಿತ್ತು. ಆದರೆ ನಮ್ಮ ಕನ್ನಡ ಯಂತ್ರ ಒತ್ತಕ್ಷರ ಮುರಿದುಕೊಂಡು ಮೂಲೆ ಸೇರಿತ್ತು, ಸಾಹೇಬರಿಗೂ ಇಂಗ್ಲಿಷಿನಲ್ಲೇ ವೇಗ. ಹೀಗಾಗಿ ಎಲ್ಲವೂ ಇಂಗ್ಲಿಷಿನಲ್ಲೇ ನಡೆದಿತ್ತು.

ಫಕೀರವ್ವ ಎಂಬ ಹೆಣ್ಣುಮಗಳ ಕೇಸು ಬಂತು. ಯಮನೂರಿನ ಆಚೆ ಒಂದು ಹಳ್ಳಿಯವಳು. ಮೊದಲ ಗಂಡ ತೀರಿಕೊಂಡ ಮೇಲೆ ಇನ್ನೊಬ್ಬನ ಮನೆಯಲ್ಲಿ ವರ್ಷಾನುಗಟ್ಟಲೆ ಬಾಳುವೆ ಮಾಡಿ, ಈಗ ಅವನು ಹೊರಗೆ ಹಾಕಿದ್ದಕ್ಕೆ ಜೀವನಾಂಶ ಕೇಳಿದ್ದಳು. ಅವನದು ಒಂದೇ ಮಾತು: ಈಕೆ ನನ್ನ ಹೆಂಡತಿಯೇ ಅಲ್ಲ, ಹೊಲದ ಕೆಲಸಕ್ಕೆ ಬರುತ್ತಿದ್ದ ಆಳು. ಹಬ್ಬಕ್ಕೊಂದು ಸೀರೆ ಕೊಟ್ಟಿದ್ದೇನೆ, ಅದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಹೆಂಡತಿಯಲ್ಲ ಎಂದಾದರೆ ಅವಳಿಗೆ ಏನೂ ಸಿಗುತ್ತಿರಲಿಲ್ಲ.

ಅವಳ ವಕೀಲರಿಗೆ ಆ ದಿನ ಹುಬ್ಬಳ್ಳಿಯಲ್ಲಿ ಬೇರೆ ಕೆಲಸ. ತಮ್ಮ ಜ್ಯೂನಿಯರ್‌ನನ್ನು ಕಳಿಸಿದ್ದರು. ಅವನು ಫೈಲಿನಲ್ಲಿ ಮುಂದಿನ ಪ್ರಶ್ನೆ ಹುಡುಕುವುದರಲ್ಲೇ ಇದ್ದ. ಎದುರು ಪಕ್ಷದ ವಕೀಲರು ಮಾತ್ರ ಪಳಗಿದವರು.

ಫಕೀರವ್ವ ಕಟಕಟೆಯ ಕಂಬಿ ಹಿಡಿದು ಗಟ್ಟಿ ದನಿಯಲ್ಲಿ ಹೇಳಿದಳು. "ಅಂವ ನನಗ ಸೀರಿ ಉಡಿಸ್ಯಾನ್ರಿ ಸಾಹೇಬ್ರ."

ಸಾಹೇಬರು ತಡಮಾಡದೆ ಇಂಗ್ಲಿಷಿನಲ್ಲಿ ಹೇಳಿದರು. ಅವನು ನನಗೆ ಒಂದು ಸೀರೆ ಕೊಟ್ಟಿದ್ದಾನೆ.

ನನ್ನ ಬೆರಳು ಆ ಸಾಲನ್ನು ಅರ್ಧ ಬಡಿದು ನಿಂತವು. ಎದುರು ಪಕ್ಷದ ವಕೀಲರ ಮುಖ ನೋಡಿದೆ. ಅವರು ಕೆಳಗೆ ನೋಡುತ್ತ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಇನ್ನು ಕೇಳುವುದೇನೂ ಉಳಿದಿಲ್ಲ ಎಂಬಂತೆ.

ನಮ್ಮ ಕಡೆ ಗಂಡ ಸತ್ತವಳನ್ನೋ ಬಿಟ್ಟವಳನ್ನೋ ಒಬ್ಬ ಮದುವೆಯಾಗುವುದಕ್ಕೆ ಉಡಿಕಿ ಎನ್ನುತ್ತಾರೆ. ಬಾಜಾಬಜಂತ್ರಿ ಇಲ್ಲ, ಚಪ್ಪರ ಇಲ್ಲ. ಹಿರಿಯರೆದುರು ಅವನು ಅವಳಿಗೆ ಸೀರೆ ಉಡಿಸಿದರೆ ಅದೇ ಮದುವೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಅವ್ವ ಉಡಿಕಿಯಾಗಿಯೇ ನಮ್ಮಪ್ಪನ ಮನೆಗೆ ಬಂದವಳು. ಅವಳನ್ನು ಸೀರೆ ಇಸಿದುಕೊಂಡವಳು ಎಂದು ಹಾಳೆಯ ಮೇಲೆ ಬರೆದರೆ ನಾನು ಯಾರ ಮಗಳಾಗುತ್ತೇನೆ?

ಕೋರ್ಟಿನಲ್ಲಿ ಟೈಪಿಸ್ಟ್ ಬಾಯಿ ತೆರೆಯುವ ಪದ್ಧತಿಯಿಲ್ಲ. ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ನನಗೇ ಗೊತ್ತಿಲ್ಲ.

"ಎಸ್?" ಎಂದರು ಸಾಹೇಬರು.

ತಲೆಯಲ್ಲಿ ಪದಗಳು ಒಂದರ ಮೇಲೊಂದು ಬಿದ್ದವು. ಕೊಡುವುದಕ್ಕೆ ಪದ ಇತ್ತು, ಉಡುವುದಕ್ಕೆ ಇತ್ತು, ಉಡಿಸುವುದಕ್ಕೆ ಏನು? ಮದುವೆಗೆ ಪದ ಇತ್ತು, ಈ ಮದುವೆಗೆ ಏನು? ಕಡೆಗೆ ಬಾಯಿಂದ ಬಂದದ್ದು, "ಸರ್... ಸಾರಿ..."

"ಪರವಾಗಿಲ್ಲ, ಕ್ಯಾರಿ ಆನ್" ಎಂದರು ಅವರು. ನಾನು ಕ್ಷಮೆ ಕೇಳುತ್ತಿದ್ದೇನೆ ಎಂದುಕೊಂಡಿದ್ದರು.

"ನೋ ಸರ್. ಸಾರಿ ನಾಟ್ ಗಿವನ್ ಸರ್. ಸಾರಿ..." ಸೀರೆಗೆ ಇಂಗ್ಲಿಷಿನವರು ಬಾಯಿ ಹೇಗೆ ಅಗಲಿಸುತ್ತಾರೆಂದು ನನಗೆ ಗೊತ್ತಿತ್ತು. ಮನೆಯಲ್ಲಿ ನೂರು ಸಲ ಅಂದಿದ್ದೆ. ಆಗ ಬರಲಿಲ್ಲ. "ಸಾರಿ ಮೀನ್ಸ್ ಮ್ಯಾರೇಜ್ ಸರ್!"

ಇಡೀ ಕೋರ್ಟು ನಕ್ಕಿತು. ಹಿಂದಿನ ಬೆಂಚಿನಿಂದ ಯಾರೋ ವಕೀಲರು, "ಖರೇ ಐತ್ರಿ, ಮದಿವಿ ಅಂದ್ರ ಸಾರಿನ" ಎಂದರು. ಇನ್ನೊಮ್ಮೆ ನಗು. ಜವಾನ ಕೂಡ ಬಾಗಿಲಲ್ಲಿ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಕೂತುಬಿಡಬೇಕು ಅನ್ನಿಸಿತು, ಆದರೆ ಕೂತರೆ ಬೆರಳು ಆ ಸಾಲನ್ನು ಪೂರ್ತಿ ಮಾಡಬೇಕಾಗುತ್ತಿತ್ತು.

ಸಾಹೇಬರು ನಗಲಿಲ್ಲ. ಸಿಟ್ಟಿನಿಂದಲೇ ನನ್ನ ಕಡೆ ನೋಡಿದರು. ಆಮೇಲೆ ಏನನ್ನಿಸಿತೋ, ಕಟಕಟೆಯ ಕಡೆ ತಿರುಗಿ, "ಏನಮ್ಮಾ, ಸೀರೆ ಉಡಿಸೋದು ಅಂದ್ರೆ ಏನು? ಬಿಡಿಸಿ ಹೇಳಿ" ಎಂದರು.

ಫಕೀರವ್ವನಿಗೆ ಯಾಕೆ ಎಲ್ಲರೂ ನಗುತ್ತಿದ್ದಾರೆಂದು ತಿಳಿದಿರಲಿಲ್ಲ. ತನ್ನನ್ನೇ ನೋಡಿ ನಗುತ್ತಿದ್ದಾರೆಂದು ತಿಳಿದು ಅವಳ ಮುಖ ಕೆಂಪಾಗಿತ್ತು. "ಇದರಾಗ ಬಿಡಿಸೂದೇನೈತ್ರಿ? ನನ್ನ ಗಂಡ ತೀರಿಕೊಂಡಿದ್ದ. ಇಂವ ಬಂದು ಹಿರ್ಯಾರ ಮುಂದ ಬಳಿ ಇಡಿಸಿ, ಸೀರಿ ಉಡಿಸಿ ಮನಿಗೆ ಕರಕೊಂಡು ಹ್ವಾದ. ನಮ್ಮಾಗ ಅದಕ್ಕ ಸೀರಿ ಉಡಿಕಿ ಅಂತಾರ್ರಿ. ಸೀರಿ ಕೊಡಾಂವ ಅಂಗಡ್ಯಾಂವ ಇರ್ತಾನ್ರಿ ಸಾಹೇಬ್ರ. ಉಡಿಸಾಂವ ಗಂಡ."

ನಗು ನಿಂತಿತು. ಎದುರು ಪಕ್ಷದ ವಕೀಲರು ಎದ್ದು, ಟೈಪಿಸ್ಟ್ ಸಾಕ್ಷಿಗೆ ಹೇಳಿಕೊಟ್ಟಂತಾಯಿತು, ಇದನ್ನು ದಾಖಲೆ ಮಾಡಬೇಕು ಎಂದು ಇಂಗ್ಲಿಷಿನಲ್ಲಿ ಜೋರು ಮಾಡಿದರು. ಸಾಹೇಬರು ಅವರ ಮಾತನ್ನೂ ಬರೆಸಿದರು. ಆಮೇಲೆ ಹಳೆಯ ಸಾಲನ್ನು ಹೊಡೆಸಿ, ಹೊಸ ಸಾಲು ಹೇಳಲು ಹೋದರು. ಅವರಿಗೂ ಪದ ಸಿಗಲಿಲ್ಲ. "ಅವಳು ಹೇಳಿದ ಹಾಗೇ ಹಾಕಿ. ಇಂಗ್ಲಿಷ್ ಅಕ್ಷರದಲ್ಲಿ 'ಸೀರೆ ಉಡಿಕೆ'. ಮುಂದೆ ಅರ್ಥ ಹೇಳ್ತೀನಿ" ಎಂದರು. ಆ ಎರಡು ಪದಗಳನ್ನು ಬಡಿಯುವಾಗ ನನ್ನ ಬೆರಳು ಹೊಸಬರಂತೆ ಒಂದೊಂದೇ ಅಕ್ಷರ ಹುಡುಕಿದವು.

ಮರುದಿನ ನನಗೆ ಮೆಮೋ ಬಂತು. ಕೋರ್ಟಿನ ಕಲಾಪದ ನಡುವೆ ಮಾತಾಡಿದ್ದಕ್ಕೆ ಲಿಖಿತ ಉತ್ತರ ಕೊಡಬೇಕು. ಶಿರಸ್ತೇದಾರ ಹಿರೇಮಠರು ನಮ್ಮ ಆಫೀಸಿನ ಹಿರಿಯರು, ಒಳ್ಳೆಯ ಮನುಷ್ಯ, ಬಲು ಅಂಜುಬುರುಕ. ನಾನು ಇಂಗ್ಲಿಷಿನಲ್ಲಿ ಬರೆದು ತೋರಿಸಿದ್ದನ್ನು ಓದಿ ಹಣೆ ಚಚ್ಚಿಕೊಂಡರು.

"'ಇಂಟರ್‌ಫಿಯರ್' ಅಂತ ಬರದೀಯಲ್ಲವ್ವಾ, ನೌಕರಿ ಕಳಕೊಂತೀ? ಅದು ಕೈ ಹಾಕಿದೆ ಅಂದಂಗ ಆಗ್ತತಿ."

"ಮತ್ತ 'ಇನ್‌ಫಾರ್ಮ್' ಅಂತ ಬರೀಲೇನ್ರಿ?"

"ಸಾಹೇಬ್ರಿಗೆ ನೀ ತಿಳಿಸಿ ಹೇಳೂವಷ್ಟು ದೊಡ್ಡಾಕಿ ಆದಿ ಅಂದಂಗ ಆತು."

ಇಂಟರಪ್ಟ್, ಇಂಟರ್‌ವೀನ್, ಅಸಿಸ್ಟ್... ಒಂದು ಬರೆದರೆ ಅಪರಾಧ, ಇನ್ನೊಂದು ಬರೆದರೆ ಅಹಂಕಾರ. ನನಗೆ ಆಗಿದ್ದಕ್ಕೆ ಸರಿಯಾಗಿ ಕೂಡುವ ಪದ ಆ ಭಾಷೆಯಲ್ಲಿ ಇದ್ದಿರಬೇಕು, ನನ್ನ ಕೈಗೆ ಮಾತ್ರ ಸಿಗುತ್ತಿರಲಿಲ್ಲ. ಹಾಳೆ ಹರಿದು ಹರಿದು ಎಸೆದೆ. ಅನ್ನ ಸೇರಲಿಲ್ಲ. "ಗ್ಯಾರೇಜ್ ಐತಿ, ಉಪವಾಸ ಬೀಳಂಗಿಲ್ಲ ನಾವು" ಎಂದು ಮಾರುತಿ ಹೇಳಿದರು. ನನ್ನ ಚಿಂತೆ ಹೊಟ್ಟೆಯದಾಗಿರಲಿಲ್ಲ. ಅಷ್ಟು ಜನರೆದುರು ನಗಿಸಿಕೊಂಡು, ಅದರ ಮೇಲೆ ಹೊರಗೂ ಹಾಕಿಸಿಕೊಳ್ಳುವುದೇ?

ಕಡೆಗೆ ಕನ್ನಡದಲ್ಲಿ ಬರೆದೆ. ಸಾಕ್ಷಿಯ ಮಾತಿನ ಅರ್ಥ ನನಗೆ ಗೊತ್ತಿತ್ತು, ಟೈಪ್ ಮಾಡಲು ಆಗಲಿಲ್ಲ, ಎದ್ದು ನಿಂತೆ. ಇಷ್ಟೇ.

ಸಾಹೇಬರು ಚೇಂಬರಿಗೆ ಕರೆಸಿದರು. ನನ್ನ ಕಾಗದ ಅವರ ಮುಂದಿತ್ತು. "ಇನ್ಮೇಲೆ ಕೋರ್ಟಲ್ಲಿ ಎದ್ದು ಮಾತಾಡಬಾರದು. ಏನಾದ್ರೂ ಇದ್ದರೆ ಚೀಟಿ ಬರೆದು ಕಳಿಸಿ" ಎಂದರು. ತಲೆಯಾಡಿಸಿದೆ. ಹೊರಡಬೇಕೆನ್ನುವಾಗ ಅವರು ಕೇಳಿದರು. "ಒಂದು ವಿಷಯ ಅರ್ಥವಾಗಲಿಲ್ಲ ಕಲಾವತಿಯವರೇ. ನನಗೆ ಕನ್ನಡ ಬರುತ್ತೆ. ನಿಮಗೂ ಬರುತ್ತೆ. ಅವತ್ತು ಕನ್ನಡದಲ್ಲೇ ಹೇಳಬಹುದಿತ್ತಲ್ಲ?"

ನಾನು ನಮಸ್ಕಾರ ಮಾಡಿ ನನ್ನ ಮೇಜಿಗೆ ವಾಪಸು ಬಂದೆ.

ಆ ಪ್ರಶ್ನೆಯನ್ನು ಈಗಲೂ ಕೆದಕುತ್ತಿರುತ್ತೇನೆ. ಕನ್ನಡದಲ್ಲಿ ಒಂದು ಸಾಲು ಸಾಕಿತ್ತು. ಆದರೆ ಅಲ್ಲಿ ವಕೀಲರು ಸಾಹೇಬರ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಕನ್ನಡ ಕಟಕಟೆಯಲ್ಲಿ ನಿಂತವರ ಭಾಷೆಯಾಗಿತ್ತು. ನಾನು ಮೇಜಿನ ಈಚೆ ಇದ್ದವಳು. ಈಚೆ ಇದ್ದೇನೆಂದು ತೋರಿಸಲು ನನಗೆ ಬಾರದ ಭಾಷೆಯೇ ಬೇಕಾಯಿತೋ ಏನೋ.

ಇನ್ನೊಂದು ಮಾತೂ ನನ್ನನ್ನು ಬಿಡುವುದಿಲ್ಲ. ಫಕೀರವ್ವನ ಮಾತು ನನ್ನ ಮನೆಯ ಮಾತಾಗಿತ್ತು, ಕಿವಿಗೆ ಬಡಿಯಿತು. ನನಗೆ ಗೊತ್ತಿರದ ಮನೆಗಳ, ಗೊತ್ತಿರದ ಕೇರಿಗಳ ಎಷ್ಟು ಮಾತು ನನ್ನ ಬೆರಳಿನ ಕೆಳಗೆ ಸದ್ದಿಲ್ಲದೆ ಬೇರೆಯಾಗಿ ಹೋದವು? ಹೊಸದಾಗಿ ಸೇರಿದವರಿಗೆ ನಾನು ಹೇಳುವುದು ಇದನ್ನೇ. ಉಚ್ಚಾರ ತಪ್ಪಿದರೆ ನಗುತ್ತಾರೆ, ನಗಲಿ. ಪದ ತಪ್ಪಿದರೆ ಯಾರೂ ನಗುವುದಿಲ್ಲ, ಅದು ಹಾಗೇ ನಿಂತುಬಿಡುತ್ತದೆ.

ಮೆಮೋ ಎಚ್ಚರಿಕೆಯಲ್ಲಿ ಮುಗಿಯಿತು. ಕೇಸು ಮಾತ್ರ ಎಳೆಯಿತು. ಅಷ್ಟರಲ್ಲಿ ನಮ್ಮಲ್ಲಿಗೆ ಕಂಪ್ಯೂಟರ್ ಬಂತು, ಕಾರ್ಬನ್ ಹೋಯಿತು, ಉಜ್ಜುವ ರಬ್ಬರ್ ಹೋಯಿತು. ತಪ್ಪು ಪದದ ಕೆಳಗೆ ಯಂತ್ರವೇ ಕೆಂಪು ಗೆರೆ ಎಳೆಯತೊಡಗಿತು. ಫಕೀರವ್ವ ಹೆಂಡತಿಯೇ ಹೌದು, ಜೀವನಾಂಶ ಕೊಡಬೇಕು ಎಂದು ಸಾಹೇಬರು ಆದೇಶ ಹೇಳಿದಾಗ, ಉಡಿಕೆ ಎಂಬ ಪದದ ಕೆಳಗೆಲ್ಲ ಕೆಂಪು ಗೆರೆ ಬಂತು. ಹಿರೇಮಠರು ಇಣುಕಿ ನೋಡಿ, "ತಪ್ಪ್ ತೋರ್ಸಾಕತ್ತೈತಲ್ಲವ್ವಾ" ಎಂದರು. "ಅದಕ್ಕ ಗೊತ್ತಿಲ್ರಿ" ಎಂದು ಹಾಗೇ ಬಿಟ್ಟೆ.

ಫಕೀರವ್ವನ ಗಂಡ ಆದೇಶದ ವಿರುದ್ಧ ಧಾರವಾಡದ ಹೈಕೋರ್ಟಿಗೆ ಹೋದ. ಅಲ್ಲಿ ವಿಚಾರಣೆಗೆ ಬಂದ ದಿನ ರಜೆ ಹಾಕಿ ನಾನೂ ಹೋದೆ. ಯಾರಿಗೂ ಹೇಳಲಿಲ್ಲ. ಫಕೀರವ್ವ ಬಾಗಿಲ ಬಳಿ ಒಬ್ಬಳೇ ನಿಂತಿದ್ದಳು. ನನ್ನನ್ನು ಗುರುತಿಸಿ, "ಟೈಪಿನ ಬಾಯಾರಲ್ಲೇನ್ರಿ ನೀವು?" ಎಂದು ಕೈ ಹಿಡಿದುಕೊಂಡಳು. ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತೆವು.

ಅಲ್ಲಿ ಎಲ್ಲವೂ ಇಂಗ್ಲಿಷ್, ಬಲು ನಯವಾದ ಇಂಗ್ಲಿಷ್. ಕೂತಿದ್ದ ನ್ಯಾಯಮೂರ್ತಿಗಳು ಬೇರೆ ರಾಜ್ಯದವರಂತೆ. ಅವನ ಪರ ವಾದಿಸುತ್ತಿದ್ದ ವಕೀಲರು ದೊಡ್ಡ ಊರಿನಲ್ಲಿ ಓದಿದವರು, ಮಾತು ಮುತ್ತಿನಂತೆ ಉದುರುತ್ತಿತ್ತು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ಕೆಳಗಿನ ಕೋರ್ಟು ನಂಬಿದ ಪದ್ಧತಿ ಇದು ಎಂದು ಅವರು ನಾನು ಬಡಿದಿದ್ದ ಸಾಲನ್ನು ಓದತೊಡಗಿದರು. ಎರಡು ಪದಗಳ ಹತ್ತಿರ ಬಂದು ಎಡವಿದರು.

"ಸೀರ್... ಸೀರ್ ಯುಡೈಕ್" ಎಂದರು.

ನ್ಯಾಯಮೂರ್ತಿಗಳು ಕನ್ನಡಕ ಸರಿಮಾಡಿಕೊಂಡು ಹಾಳೆ ನೋಡಿ, "ಶೈರ್ ಉಡಿಕ್?" ಎಂದರು.

ವಕೀಲರು ಮತ್ತೊಮ್ಮೆ ಪ್ರಯತ್ನಿಸಿದರು. ಬೇರೆ ರೀತಿ ತಪ್ಪಾಯಿತು. ಯಾರೂ ನಗಲಿಲ್ಲ. ಅಲ್ಲಿದ್ದವರೆಲ್ಲ ಗಂಭೀರವಾಗಿ ಆ ಪದ ಸರಿಯಾಗಿ ಬರಲೆಂದು ಕಾಯುತ್ತಿದ್ದರು.

ಫಕೀರವ್ವ ನನ್ನ ಮೊಣಕೈ ತಿವಿದಳು. "ಏನ್ ಅನ್ನಾಕತ್ತಾರವಾ ಅವರು?"

"ಸೀರಿ ಉಡಿಕಿ ಅನ್ನಾಕತ್ತಾರ. ನಿನ್ನ ಮದಿವಿ ಮಾತು."

"ಹಂಗಂತಾರೇನ ಅದಕ್ಕ?" ಎಂದವಳೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನಾನು ಹಿಡಿಯಲು ಹೋದೆ, ಸಿಗಲಿಲ್ಲ. "ಸೀರಿ ಉಡಿಕಿ ಅನ್ರಿ ಸಾಹೇಬ್ರ!" ಎಂದಳು, ಹೊಲದ ಈ ಬದಿಯಿಂದ ಆ ಬದಿಗೆ ಕೂಗಿ ಹೇಳುವಂತೆ. "ಸೀರಿ. ಉಡಿಕಿ."

ಜವಾನ ಓಡಿ ಬಂದ. ವಕೀಲರು ಹಿಂದೆ ತಿರುಗಿ ನೋಡಿದರು. ನ್ಯಾಯಮೂರ್ತಿಗಳು ಕೈಯೆತ್ತಿ ಜವಾನನನ್ನು ತಡೆದು, ಅವಳನ್ನೇ ನೋಡುತ್ತ, ಮೆಲ್ಲಗೆ, ಒಂದೊಂದೇ ಅಕ್ಷರವನ್ನು ಬಾಯಲ್ಲಿ ಇಟ್ಟುಕೊಂಡು, "ಸೀರಿ... ಉಡಿಕಿ" ಎಂದರು.

"ಹಾಂ, ಈಗ ಬಂತ್ ನೋಡ್ರಿ" ಎಂದಳು ಫಕೀರವ್ವ, ಮತ್ತು ಕೂತಳು.

ಅವಳ ಗಂಡನ ಅರ್ಜಿ ವಜಾ ಆಯಿತು.